ಟ್ರಂಕು ನಡುಗಿಸಿದ ಸಂಗೀತ

ಎರಡು ಸಂಚಿಕೆ ಹಿಂದೆ ಒಬ್ಬ ಓದುಗರು, ಕಾಲೇಜು ದಿನಗಳಲ್ಲಿ ನೀವು ಯಾವ ಸಂಗೀತ ಕೇಳುತ್ತಿದ್ದಿರಿ ಎಂದು ಕೇಳಿದ್ದರು. ಜಾಝ್-ಫಂಕ್ ಎಂದು ಒಂದೇ ಸಾಲು ಬರೆದು ಮುಂದಿನ ಪ್ರಶ್ನೆಗೆ ಹೋಗಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರಗಳು ಈಚೆಗೆ ಬೇರೆ ಯಾವ ಉತ್ತರಕ್ಕೂ ಬಂದಿಲ್ಲ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಪ್ರಶ್ನೆ: ಜಾಝ್ ಅಂದರೆ ಹಳೆಯ ಹಿಂದಿ ಸಿನಿಮಾದ ಕ್ಲಬ್ ಹಾಡುಗಳಲ್ಲಿ ಕೇಳುವ ತುತ್ತೂರಿ ಎಂದುಕೊಂಡಿದ್ದೆ. ಈ ಜಾಝ್-ಫಂಕ್ ಎಂದರೇನು? ಅದು ನಿಮಗೆ ಎಲ್ಲಿ ಸಿಕ್ಕಿತು?
(ನಿವೃತ್ತ ಉಪನ್ಯಾಸಕರು, ದಾವಣಗೆರೆ)

ಉತ್ತರ: ಸಿಕ್ಕಿದ ಜಾಗ ಮೊದಲು ಹೇಳುತ್ತೇನೆ ಸರ್, ಅರ್ಥ ಆಮೇಲೆ. 1980. ಬೆಂಗಳೂರಿನ ಬಸವನಗುಡಿ ಕಡೆ ಒಂದು ವಿದ್ಯಾರ್ಥಿ ನಿಲಯ. ನಾನು ಅರಸೀಕೆರೆಯಿಂದ ಬಂದವನು. ಆಕಾಶವಾಣಿಯ ಚಿತ್ರಗೀತೆ, ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ, ಬೆಳಿಗ್ಗೆ ಅಜ್ಜಿ ಹೇಳಿಕೊಳ್ಳುತ್ತಿದ್ದ ದೇವರನಾಮ, ನನ್ನ ಕಿವಿಗೆ ಗೊತ್ತಿದ್ದದ್ದು ಇಷ್ಟೇ. ನನ್ನ ರೂಮಿನ ಗೆಳೆಯನ ಸೋದರಮಾವ ಹಡಗಿನಲ್ಲಿ ಎಂಜಿನಿಯರ್. ಅವರು ಒಂದು ಸಲ ರಜೆಗೆ ಬಂದಾಗ ಅಳಿಯನಿಗೆ ಒಂದು ಟೂ-ಇನ್-ವನ್ ಕೊಟ್ಟು ಹೋದರು, ರೇಡಿಯೋ ಮತ್ತು ಟೇಪ್ ರೆಕಾರ್ಡರ್ ಎರಡೂ ಒಂದೇ ಡಬ್ಬಿಯಲ್ಲಿ. ಜೊತೆಗೆ ನಾಲ್ಕು ಕ್ಯಾಸೆಟ್. ಮೂರರಲ್ಲಿ ಹಿಂದಿ ಹಾಡು. ನಾಲ್ಕನೆಯದರ ಮೇಲೆ ಬಾಲ್ ಪೆನ್ನಿನಲ್ಲಿ 'ಹರ್ಬಿ' ಎಂದು ಮಾತ್ರ ಬರೆದಿತ್ತು.

ರೂಮಿನಲ್ಲಿ ಮೇಜು ಇರಲಿಲ್ಲ. ಟೂ-ಇನ್-ವನ್ ಅನ್ನು ನನ್ನ ತಗಡಿನ ಟ್ರಂಕಿನ ಮೇಲೆ ಇಟ್ಟೆವು. ಆ ನಾಲ್ಕನೆಯ ಕ್ಯಾಸೆಟ್ ಹಾಕಿದಾಗ ಮೊದಲು ಬಂದದ್ದು ಒಂದು ದಪ್ಪ, ತೂಗಾಡುವ ದನಿ, ಕೆಳಗಿಂದ ಮೇಲಕ್ಕೆ ನಾಲ್ಕು ಹೆಜ್ಜೆ ಹತ್ತಿ ಮತ್ತೆ ಕೆಳಗೆ ಇಳಿಯುವ ಹಾಗೆ, ಮತ್ತೆ ಅದೇ, ಮತ್ತೆ ಅದೇ. ಸ್ವಲ್ಪ ಹೊತ್ತಿಗೆ ಟ್ರಂಕಿನ ಚಿಲಕ ಕಟಕಟ ಅನ್ನತೊಡಗಿತು. ನಿಲ್ಲಿಸೋಣ ಎಂದು ಟ್ರಂಕಿನ ಮೇಲೆ ಕೈ ಇಟ್ಟೆ. ಕಿವಿಗೆ ಕೇಳಿಸದಿದ್ದ ಏನೋ ಒಂದು ಅಂಗೈಗೆ ಕೇಳಿಸಿತು. ಕೈ ತೆಗೆಯಲೇ ಇಲ್ಲ. ಅದು ಅಮೆರಿಕದ ಜಾಝ್ ಪಿಯಾನೋ ವಾದಕ ಹರ್ಬಿ ಹ್ಯಾನ್‌ಕಾಕ್ ಅವರ 1973ರ 'ಹೆಡ್ ಹಂಟರ್ಸ್' ಆಲ್ಬಂ, ಮೊದಲನೆಯದು 'ಕಮೀಲಿಯನ್', ಅಂದರೆ ಗೋಸುಂಬೆ. ಈ ಹೆಸರುಗಳೆಲ್ಲ ನಮಗೆ ಗೊತ್ತಾಗಲು ಎರಡು ವರ್ಷ ಬೇಕಾಯಿತು. ಅಲ್ಲಿಯವರೆಗೆ ಅದು 'ಟ್ರಂಕ್ ಹಾಡು'.

ಈಗ ಅರ್ಥ. ಜಾಝ್ ಅಮೆರಿಕದ ಕಪ್ಪು ಜನ ಕಟ್ಟಿದ ಸಂಗೀತ, ನ್ಯೂ ಆರ್ಲಿಯನ್ಸ್ ಊರಿನಲ್ಲಿ ಸುಮಾರು 100 ವರ್ಷಕ್ಕೂ ಹಿಂದೆ ಮೊಳೆತದ್ದು. ಅದರ ಜೀವ ಇರುವುದು ಆ ಕ್ಷಣದಲ್ಲಿ ಹೊಸದಾಗಿ ಕಟ್ಟಿ ನುಡಿಸುವುದರಲ್ಲಿ. ನಮ್ಮವರು ಮನೋಧರ್ಮ ಅನ್ನುತ್ತಾರಲ್ಲ, ಹತ್ತಿರಹತ್ತಿರ ಅದೇ. ಫಂಕ್ ಬೇರೆ ಮನೆಯ ಮಗು. 1960ರ ದಶಕದ ನಡುವಿನಲ್ಲಿ ಹಾಡುಗಾರ ಜೇಮ್ಸ್ ಬ್ರೌನ್ ತಮ್ಮ ತಂಡಕ್ಕೆ ಕಲಿಸಿದ್ದು ಅದು. ತಾಳದ ಆವರ್ತದ ಮೊದಲ ಏಟಿಗೆ, ನಾವು ಸಮ ಅನ್ನುವ ಜಾಗಕ್ಕೆ, ಎಲ್ಲರೂ ಒಟ್ಟಿಗೆ ಬಂದು ಬೀಳಬೇಕು. ಅಲ್ಲಿ ಗಿಟಾರ್ ಕೂಡ ಒಂದು ಚರ್ಮವಾದ್ಯದ ಹಾಗೆ, ತುತ್ತೂರಿ ಕೂಡ. ರಾಗಕ್ಕಿಂತ ನಡೆ ಮುಖ್ಯ. 1970ರ ಸುಮಾರಿಗೆ ಜಾಝ್ ಕಲಿತವರು ಕೆಲವರು ಕರೆಂಟಿನ ಪಿಯಾನೋ, ಕರೆಂಟಿನಿಂದಲೇ ದನಿ ಹುಟ್ಟಿಸುವ ಸಿಂಥಸೈಸರ್, ಕೆಳದನಿಯ ಬೇಸ್ ಗಿಟಾರ್ ಹಿಡಿದು ಫಂಕ್‌ನ ಆ ನಡೆಯ ಮೇಲೆ ಕೂತು ಮನೋಧರ್ಮ ಶುರು ಮಾಡಿದರು. ಅದೇ ಜಾಝ್-ಫಂಕ್. ಅದರ ಜೊತೆಗೆ ರಾಕ್ ಸಂಗೀತದ ಗಿಟಾರು, ಬೇರೆ ದೇಶಗಳ ತಾಳ ಎಲ್ಲ ಸೇರಿದರೆ ಫ್ಯೂಷನ್ ಅನ್ನುತ್ತಾರೆ. ಗೆರೆ ಎಲ್ಲಿ ಎಂದು ಕೇಳಬೇಡಿ, ನುಡಿಸಿದವರೇ ಗೆರೆ ಎಳೆದುಕೊಂಡಿರಲಿಲ್ಲ.

ಪ್ರಶ್ನೆ: ನಾನು ಕೀಬೋರ್ಡ್ ಕಲಿಯುತ್ತಿದ್ದೇನೆ. 'ಕಮೀಲಿಯನ್' ಶುರುವಿನ ಬೇಸ್ ಯಾವ ಗಿಟಾರಿನದು? ನನ್ನ ಗೆಳೆಯ ಅದು ಗಿಟಾರೇ ಅಲ್ಲ ಅನ್ನುತ್ತಾನೆ.
(ಎಂಜಿನಿಯರಿಂಗ್ ವಿದ್ಯಾರ್ಥಿ, ಮಂಗಳೂರು)

ಉತ್ತರ: ನಿಮ್ಮ ಗೆಳೆಯ ಹೇಳಿದ್ದು ಸರಿ. ಅದು ಆರ್ಪ್ ಒಡಿಸ್ಸಿ ಎಂಬ ಸಿಂಥಸೈಸರ್, ನುಡಿಸಿದ್ದು ಹ್ಯಾನ್‌ಕಾಕ್ ಅವರೇ. ಬೇಸ್ ಗಿಟಾರ್ ಹಿಡಿದ ಪಾಲ್ ಜಾಕ್ಸನ್ ತಂಡದಲ್ಲೇ ಇದ್ದಾರೆ, ಆದರೆ ಅವರು ಬೇರೆ ಜಾಗ ಹುಡುಕಿಕೊಂಡು ಮೇಲೆ ಮೇಲೆ ನುಡಿಸುತ್ತಾರೆ. ಡ್ರಮ್ಸ್ ಹಾರ್ವಿ ಮೇಸನ್, ಸ್ಯಾಕ್ಸೊಫೋನ್ ಬೆನ್ನಿ ಮೌಪಿನ್, ತಾಳವಾದ್ಯ ಬಿಲ್ ಸಮರ್ಸ್. ಗಿಟಾರಿಸ್ಟ್ ಅಂತ ಇಲ್ಲವೇ ಇಲ್ಲ! ಗಿಟಾರಿನ ಹಾಗೆ ಚಕಚಕ ಅನ್ನುವುದು ಕ್ಲಾವಿನೆಟ್ ಎಂಬ ಇನ್ನೊಂದು ಕೀಬೋರ್ಡ್. ಮೊದಲ ಭಾಗ ಪೂರ್ತಿ ಎರಡೇ ಕಾರ್ಡ್ ಮೇಲೆ, ಅಂದರೆ ಒಟ್ಟಿಗೆ ಒತ್ತುವ ಎರಡೇ ಸ್ವರಗುಚ್ಛಗಳ ಮೇಲೆ ನಿಂತಿದೆ, ಬಿ ಫ್ಲಾಟ್ ಮೈನರ್ ಮತ್ತು ಇ ಫ್ಲಾಟ್. ಒಟ್ಟು ಹದಿನೈದು ನಿಮಿಷಕ್ಕೂ ಜಾಸ್ತಿ. ಎರಡೇ ಕಾರ್ಡಿನಲ್ಲಿ ಬಹಳ ಹೊತ್ತು ಬೇಜಾರಾಗದ ಹಾಗೆ ಹೇಗೆ ಇರುವುದು, ಅದನ್ನು ಕಲಿಯಿರಿ, ಬೆರಳಿನ ವೇಗ ಆಮೇಲೆ ನೋಡಿಕೊಳ್ಳಬಹುದು.

ಹ್ಯಾನ್‌ಕಾಕ್ ಸುಲಭದ ದಾರಿ ಹಿಡಿದು ಅಲ್ಲಿಗೆ ಬಂದವರಲ್ಲ ಅನ್ನುವುದನ್ನೂ ತಿಳಿದುಕೊಳ್ಳಿ. ಶಿಕಾಗೋದಲ್ಲಿ 1940ರಲ್ಲಿ ಹುಟ್ಟಿದ ಹುಡುಗ, 11 ವರ್ಷಕ್ಕೇ ಶಿಕಾಗೋ ಸಿಂಫನಿ ವಾದ್ಯವೃಂದದ ಜೊತೆ ಮೊಝಾರ್ಟ್ ಕೃತಿ ನುಡಿಸಿದವರು. 1963ರಿಂದ ಜಾಝ್ ತುತ್ತೂರಿ ವಾದಕ ಮೈಲ್ಸ್ ಡೇವಿಸ್ ತಂಡದಲ್ಲಿ ಐದು ವರ್ಷ. ಆಮೇಲೆ ತಮ್ಮದೇ ತಂಡ ಕಟ್ಟಿ ಬಹಳ ಕಷ್ಟದ, ಆಕಾಶದಲ್ಲಿ ತೇಲುವಂಥ ಸಂಗೀತ ಮಾಡಿದರು. ಅದನ್ನು ಕೇಳುವವರು ಕಡಿಮೆ, ತಂಡ ಸಾಕುವುದು ಕಷ್ಟ. ಆಗ ನೆಲಕ್ಕೆ ಕಾಲು ಊರಬೇಕು ಅನ್ನಿಸಿತು ಅವರಿಗೆ. ಫಂಕ್ ಹಾಡುಗಾರ ಸ್ಲೈ ಸ್ಟೋನ್ ಎಂದರೆ ಅವರಿಗೆ ಬಹಳ ಪ್ರೀತಿ, ಆಲ್ಬಮ್ಮಿನಲ್ಲಿ ಒಂದಕ್ಕೆ 'ಸ್ಲೈ' ಎಂದೇ ಹೆಸರಿಟ್ಟರು.

ಅದೇ ಆಲ್ಬಮ್ಮಿನ 'ವಾಟರ್‌ಮೆಲನ್ ಮ್ಯಾನ್' ಬಗ್ಗೆ ಹೇಳದೆ ಇರಲಾರೆ. ಕಲ್ಲಂಗಡಿ ಮಾರುವವನು. ಶಿಕಾಗೋದ ಕಲ್ಲುಹಾಸಿನ ಓಣಿಯಲ್ಲಿ ಕಲ್ಲಂಗಡಿ ಗಾಡಿಯ ಚಕ್ರ ಉರುಳುತ್ತಿದ್ದ ನೆನಪಿನಿಂದ ಅವರು ಅದನ್ನು 1962ರಲ್ಲೇ ಕಟ್ಟಿದ್ದರು. 1973ರಲ್ಲಿ ಮತ್ತೆ ನುಡಿಸುವಾಗ ಶುರುವಿಗೆ ಬಿಲ್ ಸಮರ್ಸ್ ಬಿಯರ್ ಬಾಟಲಿಯ ಬಾಯಿಗೆ ಊದುತ್ತಾರೆ, ಒಂದು ಊದು, ನಡುವೆ ಗಂಟಲಿನಿಂದ ಒಂದು ಕೂಗು, ಮತ್ತೆ ಊದು. ಮಧ್ಯ ಆಫ್ರಿಕಾದ ಕಾಡಿನ ಪಿಗ್ಮಿ ಜನರ ಊದುವ ಪದ್ಧತಿಯಿಂದ ಬಂದದ್ದು ಅದು. ಇದೆಲ್ಲ ನಮಗೆ ಏನು ಗೊತ್ತಿತ್ತು? ನನಗೆ ಅದು ಕೇಳಿದ ಕೂಡಲೇ ನೆನಪಾಗಿದ್ದು ನಮ್ಮ ಬೀದಿಯಲ್ಲಿ ಬೆಳಿಗ್ಗೆ ಬರುತ್ತಿದ್ದ ಸೊಪ್ಪಿನಮ್ಮನ ಕೂಗು. ಆಕೆಯೂ ಹಾಗೇ, ಅರ್ಧ ಉಸಿರು, ಅರ್ಧ ದನಿ. ಆ ಕ್ಯಾಸೆಟ್ಟಿನಲ್ಲಿ ನನಗೆ ಗುರುತು ಸಿಕ್ಕ ಮೊದಲ ಮುಖ ಅದು.

ಪ್ರಶ್ನೆ: ಜಾಝ್ ಎಂದು ಬರೆಯಬೇಕೋ, ಜ್ಯಾಸ್ ಎಂದೋ?
(ಪ್ರೂಫ್ ನೋಡುವವರು, ಧಾರವಾಡ)

ಉತ್ತರ: ನಾನು ಜಾಝ್ ಎಂದು ಬರೆಯುತ್ತೇನೆ. ನೀವು ಜ್ಯಾಸ್ ಎಂದು ಬರೆದರೆ ನನ್ನ ತಕರಾರಿಲ್ಲ, ಕೇಳಿದರೆ ಸಾಕು.

ಪ್ರಶ್ನೆ: ಆಗ ಇಂಟರ್ನೆಟ್ ಇರಲಿಲ್ಲ. ಇಂಥ ಸಂಗೀತ ನಿಮಗೆ ಮತ್ತೆ ಮತ್ತೆ ಹೇಗೆ ಸಿಗುತ್ತಿತ್ತು?
(ಓದುಗರು, ಬೆಂಗಳೂರು)

ಉತ್ತರ: ಸಿಗುತ್ತಿರಲಿಲ್ಲ ಅನ್ನುವುದೇ ಸರಿಯಾದ ಉತ್ತರ. ಒಂದು ಕ್ಯಾಸೆಟ್ ಅನ್ನು ಒಂದು ವರ್ಷ ಕೇಳಿದೆವು. ಈಗಿನ ಹುಡುಗರಿಗೆ ಇದು ಕಷ್ಟ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಒಂದೇ ಸಂಗೀತವನ್ನು ಇನ್ನೂರು ಸಲ ಕೇಳಿದಾಗ ಮೊದಲ ಇಪ್ಪತ್ತು ಸಲ ಒಟ್ಟು ಸದ್ದು, ಆಮೇಲೆ ಡ್ರಮ್ಸ್ ಬೇರೆಯಾಗುತ್ತದೆ, ಆಮೇಲೆ ಡ್ರಮ್ಸಿನಲ್ಲೇ ಬಲಗೈ ಎಡಗೈ ಬೇರೆಯಾಗುತ್ತವೆ, ಆಮೇಲೆ ಯಾರೋ ಒಬ್ಬರು ಒಂದು ಕಡೆ ಸುಮ್ಮನಾಗುವುದು ಗೊತ್ತಾಗುತ್ತದೆ, ಆ ಸುಮ್ಮನಿರುವಿಕೆಗಾಗಿ ನಾವು ಕಾಯಲು ಶುರು ಮಾಡುತ್ತೇವೆ. ನನ್ನ ಗೆಳೆಯ ಗಣಿತ ಬಿಡಿಸುತ್ತಾ ಬಾಯಲ್ಲಿ ಡ್ರಮ್ಸ್ ನುಡಿಸುತ್ತಿದ್ದ, ನಾನು ಬಟ್ಟೆ ಒಗೆಯುತ್ತಾ ಬೇಸ್ ಹಾಡುತ್ತಿದ್ದೆ, ಹಾಸ್ಟೆಲಿನ ಬಚ್ಚಲಲ್ಲಿ ಅದು ಚೆನ್ನಾಗಿ ಗುಂಯ್‌ಗುಡುತ್ತಿತ್ತು.

ರಾತ್ರಿ ರೇಡಿಯೋ ಇತ್ತು. ವಾಯ್ಸ್ ಆಫ್ ಅಮೆರಿಕದಲ್ಲಿ ವಿಲಿಸ್ ಕಾನೊವರ್ ಎಂಬವರು 1955ರಿಂದಲೇ ಜಾಝ್ ಕಾರ್ಯಕ್ರಮ ನಡೆಸುತ್ತಿದ್ದರು, ಡ್ಯೂಕ್ ಎಲಿಂಗ್ಟನ್ ತಂಡದ 'ಟೇಕ್ ದಿ ಎ ಟ್ರೈನ್' ಅದರ ಗುರುತಿನ ರಾಗ. ಶಾರ್ಟ್ ವೇವ್. ಕಿಟಕಿ ಸರಳಿಗೆ ಒಂದು ತಂತಿ ಸುತ್ತಿ ಇನ್ನೊಂದು ತುದಿಯನ್ನು ಏರಿಯಲ್‌ಗೆ ಸಿಕ್ಕಿಸಿದರೆ ಸ್ಟೇಷನ್ ನಿಲ್ಲುತ್ತಿತ್ತು, ನಿಂತ ಮೇಲೂ ಸಮುದ್ರದ ಅಲೆಯ ಹಾಗೆ ಏರಿ ಇಳಿಯುತ್ತಿತ್ತು. ಕಾನೊವರ್ ಬಹಳ ನಿಧಾನವಾಗಿ, ಒಂದೊಂದು ಮಾತನ್ನೂ ಬಿಡಿಸಿ ಹೇಳುತ್ತಿದ್ದರು, ಇಂಗ್ಲಿಷ್ ಅಷ್ಟಾಗಿ ಬಾರದ ದೇಶಗಳವರಿಗೂ ತಿಳಿಯಲಿ ಎಂದು. ನಾನು ಕನ್ನಡ ಮೀಡಿಯಂನಲ್ಲಿ ಓದಿದವನು. ಕಾಲೇಜಿನಲ್ಲಿ ಮೇಷ್ಟ್ರ ಇಂಗ್ಲಿಷ್ ನನ್ನ ತಲೆಯ ಮೇಲಿಂದ ಹಾರಿ ಹೋಗುತ್ತಿದ್ದ ದಿನಗಳಲ್ಲಿ ಈ ಮನುಷ್ಯನ ಇಂಗ್ಲಿಷ್ ಮಾತ್ರ ನನಗೆ ಅರ್ಥವಾಗುತ್ತಿತ್ತು. ಆ ಋಣ ದೊಡ್ಡದು. ವಾಯ್ಸ್ ಆಫ್ ಅಮೆರಿಕ ಹೊರದೇಶಗಳಿಗಾಗಿಯೇ ಇದ್ದ ರೇಡಿಯೋ, ಹಾಗಾಗಿ ಅವರದೇ ದೇಶದಲ್ಲಿ ಕಾನೊವರ್ ದನಿ ಗೊತ್ತಿದ್ದವರು ಕಡಿಮೆ. ಬಸವನಗುಡಿಯ ಒಂದು ರೂಮಿಗೆ ಗೊತ್ತಿತ್ತು. ನಾನು ಕೇಳಿದ ರಾತ್ರಿಗಳಲ್ಲಿ ಫಂಕ್ ಕಡಿಮೆ, ಹಳೆಯ ಜಾಝ್ ಜಾಸ್ತಿ ಬರುತ್ತಿತ್ತು. ಅದರಿಂದ ಒಳ್ಳೆಯದೇ ಆಯಿತು, ಹರ್ಬಿ ಕ್ಯಾಸೆಟ್ಟಿನ ತಾತ ಮುತ್ತಾತಂದಿರು ಯಾರು ಎಂದು ಹೀಗೆ ಗೊತ್ತಾಯಿತು.

ಮೂರನೆಯದು ಕ್ಯಾಸೆಟ್ ತುಂಬಿಸಿಕೊಡುವ ಅಂಗಡಿಗಳು. ಪಟ್ಟಿ ಬರೆದು, ಖಾಲಿ ಕ್ಯಾಸೆಟ್ ಕೊಟ್ಟು ಬಂದರೆ ವಾರದ ಮೇಲೆ ರೆಕಾರ್ಡ್ ಮಾಡಿ ಇಟ್ಟಿರುತ್ತಿದ್ದರು. ತಿಂಗಳ ಖರ್ಚಿಗೆ ಮನೆಯಿಂದ ಬರುತ್ತಿದ್ದ ಮನಿಯಾರ್ಡರಿನಲ್ಲಿ ಹೋಟೆಲ್ ಕಾಫಿ ಬಿಟ್ಟು ದುಡ್ಡು ಉಳಿಸಿ ಒಂದು ಸಲ ವೆದರ್ ರಿಪೋರ್ಟ್ ಎಂಬ ತಂಡದ 'ಹೆವಿ ವೆದರ್' ಆಲ್ಬಂ ತುಂಬಿಸಲು ಕೊಟ್ಟೆವು. ಬಂದ ಕ್ಯಾಸೆಟ್ಟಿನಲ್ಲಿ ಅರ್ಧ ಆಲ್ಬಂ ಇತ್ತು, ಉಳಿದ ಅರ್ಧ ಯಾರದೋ ಡಿಸ್ಕೊ. ಜಗಳವಾಡಲು ಧೈರ್ಯ ಇರಲಿಲ್ಲ. ಆ ಅರ್ಧವನ್ನೇ ಕೇಳಿದೆವು.

ಪ್ರಶ್ನೆ: ನಾನು ಮೃದಂಗ ಪಾಠ ಹೇಳುತ್ತೇನೆ. ಈ ಸಂಗೀತಕ್ಕೂ ನಮ್ಮ ಸಂಗೀತಕ್ಕೂ ನಿಜವಾದ ಸಂಬಂಧ ಏನಾದರೂ ಇದೆಯೇ, ಅಥವಾ ಫ್ಯೂಷನ್ ಎಂಬ ಹೆಸರಷ್ಟೇನಾ?
(ಸಂಗೀತ ಶಿಕ್ಷಕಿ, ಮೈಸೂರು)

ಉತ್ತರ: ಇದೆ ಮೇಡಂ. ಬೆಂಗಳೂರಿನಲ್ಲೇ ಇದೆ.

ಮೊದಲು ಅಮೆರಿಕದ ಕಡೆಯದು. 1972ರಲ್ಲಿ ಮೈಲ್ಸ್ ಡೇವಿಸ್ 'ಆನ್ ದಿ ಕಾರ್ನರ್' ಮಾಡಿದಾಗ ಅದರಲ್ಲಿ ತಬಲ ಮತ್ತು ಸಿತಾರ್ ಇದ್ದವು. ತಬಲ ನುಡಿಸಿದ್ದು ಬಾದಲ್ ರಾಯ್, ಈಗಿನ ಬಾಂಗ್ಲಾದೇಶದಲ್ಲಿ ಹುಟ್ಟಿದವರು. ನ್ಯೂಯಾರ್ಕಿನ ಒಂದು ಭಾರತೀಯ ಹೋಟೆಲಿನಲ್ಲಿ ತಬಲ ನುಡಿಸುತ್ತಿದ್ದಾಗ ಅಲ್ಲಿಗೆ ಬರುತ್ತಿದ್ದ ಗಿಟಾರಿಸ್ಟ್ ಜಾನ್ ಮೆಕ್‌ಲಾಗ್ಲಿನ್ ಪರಿಚಯವಾಗಿ, ಅಲ್ಲಿಂದ ಮೈಲ್ಸ್ ತನಕ ತಲುಪಿದರು. ಅದು ಪಕ್ಕಾ ಫಂಕ್, ಬಿಡದೆ ಸುತ್ತುವ ಬೇಸ್, ಅದರ ಒಳಗೆ ತಬಲ. ತಬಲ ಅಲ್ಲಿ ಅಲಂಕಾರಕ್ಕೆ ಇಟ್ಟ ವಸ್ತು ಅಲ್ಲ, ನಡೆಯ ಒಂದು ಕಾಲು.

ಮೆಕ್‌ಲಾಗ್ಲಿನ್ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಡಾ. ಎಸ್. ರಾಮನಾಥನ್ ಹತ್ತಿರ ವೀಣೆ ಕಲಿತವರು. ಅವರ ಮಹಾವಿಷ್ಣು ಆರ್ಕೆಸ್ಟ್ರಾ 1971ರಿಂದ ಶುರು, 18 ಅಕ್ಷರದ, 10 ಅಕ್ಷರದ ಆವರ್ತಗಳನ್ನು ಸಿಡಿಲಿನ ವೇಗದಲ್ಲಿ ಕರೆಂಟ್ ಗಿಟಾರಿನಲ್ಲಿ ನುಡಿಸುತ್ತಿದ್ದರು, ಡ್ರಮ್ಸಿಗೆ ಬಿಲಿ ಕೋಬಮ್. ಆಮೇಲೆ ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಜೊತೆ ಶಕ್ತಿ ಎಂಬ ತಂಡ. ಶಕ್ತಿ ನಿಮಗೆ ಖಂಡಿತ ಗೊತ್ತಿರುತ್ತದೆ, ಹೆಚ್ಚು ಹೇಳುವುದಿಲ್ಲ. ಅದು ಫಂಕ್ ಅಲ್ಲ, ಬೇರೆಯೇ ಒಂದು ಸುಖ.

ಇನ್ನು ನಮ್ಮೂರು. ಬೆಂಗಳೂರಿನಲ್ಲಿ 1964ರಲ್ಲಿ ಶುರುವಾದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಇದೆಯಲ್ಲ, ಮೃದಂಗ ವಿದ್ವಾಂಸರಾದ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ ಅವರದು. 1970ರ ದಶಕದ ಕೊನೆಯಲ್ಲಿ ಜರ್ಮನಿಯ ಎಂಬ್ರಿಯೋ ಎಂಬ ಜಾಝ್-ರಾಕ್ ತಂಡ ಬಸ್ಸಿನಲ್ಲೇ ಆಫ್ಘಾನಿಸ್ತಾನ ದಾಟಿ ಭಾರತಕ್ಕೆ ಬಂತು, ಈ ಕಾಲೇಜಿನವರ ಜೊತೆ ನುಡಿಸಿತು. ಚಾರ್ಲಿ ಮರಿಯಾನೊ ಎಂಬ ಅಮೆರಿಕದ ಸ್ಯಾಕ್ಸೊಫೋನ್ ವಾದಕರು, ಬಾಸ್ಟನ್ನಿನವರು, ನಾಗಸ್ವರದ ದನಿಗೆ ಮನಸೋತು ಅದನ್ನು ಕಲಿತವರು. ಅವರು ಮಣಿ, ರಮಾಮಣಿ ಜೊತೆ ಮಾಡಿದ 'ಜ್ಯೋತಿ' ಆಲ್ಬಂ 1983ರದು. ಅದರಲ್ಲಿ ಫಂಕ್‌ನ ಗುದ್ದು ಇಲ್ಲ, ಮೆತ್ತಗಿದೆ, ಆದರೆ ರಮಾಮಣಿ ಅವರ ಸ್ವರದ ಪಕ್ಕದಲ್ಲಿ ಸ್ಯಾಕ್ಸೊಫೋನ್ ಹೇಗೆ ತಲೆ ತಗ್ಗಿಸಿ ನಡೆಯುತ್ತದೆ ಕೇಳಿ. ನಾನು ಅದನ್ನು ಮೊದಲು ಕೇಳಿದ ದಿನ ನನಗೆ ಆದ ಸಂತೋಷಕ್ಕೆ ಹೆಸರಿಲ್ಲ. ಮೂರು ವರ್ಷ ನಾನು ದೂರದ ಸಂಗೀತ ಎಂದು ಕೇಳುತ್ತಿದ್ದದ್ದು ನಮ್ಮ ಹಾಸ್ಟೆಲ್ ಇದ್ದ ಊರಿನಲ್ಲೇ ಒಂದು ಮನೆ ಮಾಡಿಕೊಂಡಿತ್ತು.

ನಿಮ್ಮ ಶಿಷ್ಯರಿಗೆ ಒಂದು ಕೆಲಸ ಕೊಡಿ. ಹ್ಯಾನ್‌ಕಾಕ್ ಅವರ 1974ರ 'ಥ್ರಸ್ಟ್' ಆಲ್ಬಮ್ಮಿನಲ್ಲಿ 'ಆಕ್ಚುಯಲ್ ಪ್ರೂಫ್' ಎಂದು ಒಂದಿದೆ. ಡ್ರಮ್ಸ್ ಮೈಕ್ ಕ್ಲಾರ್ಕ್. ಬರೀ ತಾಳ ಹಾಕಿಕೊಂಡು ಸಮ ಬಿಡದೆ ಕೊನೆವರೆಗೆ ಹೋಗಲಿ. ಲೆಕ್ಕ ನೇರವಾಗಿ ನಾಲ್ಕರದು, ಆದರೆ ಏಟುಗಳು ಬೀಳುವ ಜಾಗ ನೋಡಿ ಅವರ ಕಣ್ಣು ಅರಳದಿದ್ದರೆ ಕೇಳಿ.

ಪ್ರಶ್ನೆ: ಜಾಝ್ ದೊಡ್ಡವರು ಅನೇಕರು ಇದನ್ನು ದುಡ್ಡಿಗಾಗಿ ಮಾಡಿದ ಸಂಗೀತ ಎಂದು ಬೈದಿದ್ದಾರೆ. ನಿಮ್ಮ ಹರೆಯದ ಪ್ರೀತಿಯಿಂದ ನೀವು ಅದನ್ನು ಮರೆಮಾಚುತ್ತಿದ್ದೀರಿ ಅನ್ನಿಸುತ್ತದೆ.
(ಓದುಗರು, ಹುಬ್ಬಳ್ಳಿ)

ಉತ್ತರ: ಬೈದದ್ದು ನಿಜ. 'ಹೆಡ್ ಹಂಟರ್ಸ್' ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು, ಜಾಝ್ ಲೋಕಕ್ಕೆ ಅದು ಬಹಳ ದೊಡ್ಡ ಲೆಕ್ಕ, ಹಾಗಾಗಿ ಅನುಮಾನವೂ ಬಂತು. ಮತ್ತೆ, 1970ರ ದಶಕ ಮುಗಿಯುವ ಹೊತ್ತಿಗೆ ಈ ಹೆಸರಿನಲ್ಲಿ ಬಹಳಷ್ಟು ಜೊಳ್ಳೂ ಬಂತು. ಲಿಫ್ಟಿನಲ್ಲಿ, ಹೋಟೆಲ್ ಲಾಬಿಯಲ್ಲಿ ಯಾರೂ ಕೇಳದಿರಲಿ ಎಂದೇ ಹಾಕುವಂಥ ಸಂಗೀತ. ಅದನ್ನು ನಾನು ಸಮರ್ಥಿಸುವುದಿಲ್ಲ.

ಆದರೆ ಜಾಝ್ ತುತ್ತೂರಿ ವಾದಕ ಡೊನಾಲ್ಡ್ ಬರ್ಡ್ ಅವರನ್ನು ನೋಡಿ. ಓದಿದ ಮನುಷ್ಯ, ವಾಷಿಂಗ್ಟನ್‌ನ ಹೊವರ್ಡ್ ವಿಶ್ವವಿದ್ಯಾಲಯದಲ್ಲಿ ಸಂಗೀತದ ಮೇಷ್ಟ್ರು. 1973ರಲ್ಲಿ 'ಬ್ಲ್ಯಾಕ್ ಬರ್ಡ್' ಮಾಡಿದರು, ಬ್ಲೂ ನೋಟ್ ಎಂಬ ರೆಕಾರ್ಡ್ ಕಂಪನಿ ಅಲ್ಲಿಯವರೆಗೆ ಮಾರಿದ ಎಲ್ಲಕ್ಕಿಂತ ಜಾಸ್ತಿ ಮಾರಾಟವಾಯಿತು. ವಿಮರ್ಶಕರು ಹರಿಹಾಯ್ದರು. ಬರ್ಡ್ ತಮ್ಮ ವಿದ್ಯಾರ್ಥಿಗಳನ್ನೇ ಸೇರಿಸಿ ಬ್ಲ್ಯಾಕ್‌ಬರ್ಡ್ಸ್ ಎಂದು ಒಂದು ತಂಡ ಕಟ್ಟಿದರು. ತರಗತಿಯ ಹುಡುಗರನ್ನು ದೇಶ ಕೇಳುವ ಹಾಗೆ ಮಾಡಿದ ಮೇಷ್ಟ್ರನ್ನು ದುಡ್ಡಿನ ಆಸೆಯವರು ಎಂದು ಕರೆಯಲು ನನ್ನಿಂದ ಆಗುವುದಿಲ್ಲ. ಮುಂದೆ ಹಿಪ್-ಹಾಪ್ ಮಾಡಿದ ಹುಡುಗರು ಈ ರೆಕಾರ್ಡುಗಳಿಂದಲೇ ತುಣುಕು ತುಣುಕು ತೆಗೆದು ತಮ್ಮ ಹಾಡು ಕಟ್ಟಿಕೊಂಡರು.

ನಮ್ಮಲ್ಲಿ ಹಾರ್ಮೋನಿಯಂಗೆ ಏನಾಯಿತು ನೆನಪಿದೆಯಾ? 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಅದಕ್ಕೆ ನಿಷೇಧ. ಹೊರಗಿಂದ ಬಂದ ಪೆಟ್ಟಿಗೆ, ಗಮಕ ಬರುವುದಿಲ್ಲ, ಶ್ರುತಿ ಸರಿಯಿಲ್ಲ ಎಂದು. ಆದರೂ ಹುಬ್ಬಳ್ಳಿ-ಧಾರವಾಡದ ಕಡೆ ಅದು ಎಷ್ಟು ಜೀವಗಳನ್ನು ಸಾಕಿದೆ, ಎಷ್ಟು ನಾಟಕ ಕಂಪನಿಗಳು ಅದರ ಮೇಲೆ ನಿಂತಿದ್ದವು ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಕರೆಂಟಿನ ಪಿಯಾನೋಗೂ ಅಮೆರಿಕದಲ್ಲಿ ಇಂಥದೇ ಬೈಗುಳ ಬಿತ್ತು. ಅದನ್ನು ಮಾಡಿದ ಹೆರಾಲ್ಡ್ ರೋಡ್ಸ್ ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡು ಆಸ್ಪತ್ರೆಯಲ್ಲಿ ಮಲಗಿದ್ದ ಸೈನಿಕರಿಗೆ, ವಿಮಾನದ ಅಲ್ಯೂಮಿನಿಯಂ ಕೊಳವೆಗಳಿಂದ, ತೊಡೆಯ ಮೇಲೆ ಇಟ್ಟುಕೊಳ್ಳುವ ಚಿಕ್ಕ ಪಿಯಾನೋ ಮಾಡಿಕೊಟ್ಟವರು. ಆ ಕೆಲಸದಿಂದ ಬೆಳೆದು ಬಂದ ವಾದ್ಯ ಅದು. ಅದರ ಗಂಟೆಯಂಥ ದನಿಯಲ್ಲಿ ನನಗೆ ಯಾವ ಸುಳ್ಳೂ ಕೇಳಿಸುವುದಿಲ್ಲ.

ಪ್ರಶ್ನೆ: ಆ ಕಾಲದ ಕನ್ನಡ ಸಿನಿಮಾ ಹಾಡಿನಲ್ಲಿ ಇದರ ನೆರಳು ಇತ್ತಾ?
(ಗೃಹಿಣಿ, ಹಾಸನ)

ಉತ್ತರ: ಬೇಸ್ ಗಿಟಾರ್ ಮಟ್ಟಿಗೆ ಹೇಳುವುದಾದರೆ, ಇಳಯರಾಜ ಬಂದ ಮೇಲೆ ಇತ್ತು. 1981ರಲ್ಲಿ ಶಂಕರ್ ನಾಗ್ ಅವರ 'ಗೀತಾ' ಬಂದಾಗ ನಮ್ಮ ರೂಮಿನಲ್ಲಿ ಹಬ್ಬ. ಇಡೀ ಹಾಸ್ಟೆಲ್ ಹಾಡಿನ ಪದ ಹಾಡುತ್ತಿದ್ದರೆ ನಾವಿಬ್ಬರು ಬೇಸ್ ಹಾಡುತ್ತಿದ್ದೆವು. ಟ್ರಂಕಿನ ಮೇಲೆ ಇಟ್ಟು ಕೇಳಿದ ಮೊದಲ ಕನ್ನಡ ಹಾಡುಗಳು ಅವೇ.

ಪ್ರಶ್ನೆ: ಮಗಳು ಹೆಡ್‌ಫೋನ್ ಕೊಡಿಸಿದ್ದಾಳೆ. ವಯಸ್ಸು 58. ಯಾವುದರಿಂದ ಶುರು ಮಾಡಲಿ?
(ಕಾಫಿ ಬೆಳೆಗಾರರು, ಚಿಕ್ಕಮಗಳೂರು)

ಉತ್ತರ: ಗ್ರೋವರ್ ವಾಷಿಂಗ್ಟನ್ ಜೂನಿಯರ್ ಅವರ 1975ರ 'ಮಿಸ್ಟರ್ ಮ್ಯಾಜಿಕ್'. ಸ್ಯಾಕ್ಸೊಫೋನ್. ತೋಟದಲ್ಲಿ ಒಂದು ಸುತ್ತು ಹಾಕುವ ನಡಿಗೆಯ ವೇಗ ಅದು, ನಿಮ್ಮ ಕಾಲು ತಾನಾಗಿ ಒಪ್ಪಿಕೊಳ್ಳುತ್ತದೆ. ಆಮೇಲೆ ಸಂಜೆ, ಬಿಸಿಲು ಇಳಿಯುವ ಹೊತ್ತಿಗೆ, ರಾಯ್ ಏಯರ್ಸ್ ಅವರ 1976ರ 'ಎವ್ರಿಬಡಿ ಲವ್ಸ್ ದಿ ಸನ್‌ಶೈನ್'. ಅಲ್ಲಿ ಬಹಳ ಏನೂ ಆಗುವುದಿಲ್ಲ, ಹಾಗೇ ಕೂತುಕೊಳ್ಳಿ.

ಒಂದು ವಾರ ಬಿಟ್ಟು ವೆದರ್ ರಿಪೋರ್ಟ್ ತಂಡದ 'ಹೆವಿ ವೆದರ್', 1977. ವಿಯೆನ್ನಾದಿಂದ ಬಂದ ಜೋ ಝಾವಿನುಲ್ ಕೀಬೋರ್ಡ್, ವೇಯ್ನ್ ಶಾರ್ಟರ್ ಸ್ಯಾಕ್ಸೊಫೋನ್, ಜಾಕೊ ಪಾಸ್ಟೋರಿಯಸ್ ಬೇಸ್. ಜಾಕೊ ಅವರನ್ನು ಬೇರೆಯಾಗಿ ಕೇಳಿ. ತಮ್ಮ ಬೇಸ್ ಗಿಟಾರಿನ ಮೆಟ್ಟಿಲುಗಳನ್ನೆಲ್ಲ ಕಿತ್ತು, ಗುಳಿ ಮುಚ್ಚಿ, ದೋಣಿಗೆ ಬಳಿಯುವ ಎಪಾಕ್ಸಿ ಬಳಿದುಕೊಂಡ ಹುಡುಗ. ವೀಣೆ ಮತ್ತು ಗೋಟುವಾದ್ಯಕ್ಕೆ ಇರುವ ವ್ಯತ್ಯಾಸ ಯೋಚಿಸಿ, ಮೆಟ್ಟಿಲು ಇಲ್ಲದ್ದರಿಂದ ದನಿ ಜಾರುತ್ತದೆ, ಅಳುತ್ತದೆ, ಮನುಷ್ಯರ ಗಂಟಲಿನ ಹಾಗೆ. 35 ವರ್ಷಕ್ಕೆ ತೀರಿಕೊಂಡರು, 1987ರಲ್ಲಿ. ಆ ಸುದ್ದಿಯನ್ನು ನಾನು ತಿಂಗಳುಗಳ ಮೇಲೆ ಒಂದು ಹಳೆಯ ಪತ್ರಿಕೆಯಲ್ಲಿ ಓದಿದೆ. ಆಫೀಸಿನಿಂದ ಮನೆಗೆ ನಡೆದುಕೊಂಡೇ ಹೋದೆ ಅವತ್ತು.

'ಹೆಡ್ ಹಂಟರ್ಸ್' ಕೊನೆಗೆ ಕೇಳಿ. ಮೊದಲೇ ಕೇಳಿದರೆ ಬೇರೆಯದು ಸಪ್ಪೆ ಅನ್ನಿಸಬಹುದು, ಇದು ನನ್ನ ಪಕ್ಷಪಾತ.

ಪ್ರಶ್ನೆ: ನಮಗೆ ಇಷ್ಟವಾಗುವುದು ಆ ಸಂಗೀತವೋ, ಅಥವಾ ಅದನ್ನು ಕೇಳಿದ ವಯಸ್ಸೋ? ನಾನು ಹರೆಯದಲ್ಲಿ ಕೇಳಿದ್ದನ್ನು ಈಗ ಕೇಳಿದರೆ ಮೊದಲಿನ ಹಾಗೆ ಅನ್ನಿಸುವುದಿಲ್ಲ.
(ಬ್ಯಾಂಕ್ ಉದ್ಯೋಗಿ, ಉಡುಪಿ)

ಉತ್ತರ: ಈ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡಿದ್ದೆ. ನನಗೂ ಈ ಭಯ ಇತ್ತು. ಮದುವೆ, ಕೆಲಸ, ವರ್ಗಾವಣೆ, ಅಮ್ಮನ ಕಾಯಿಲೆ, ಈ ನಡುವೆ ಸುಮಾರು ಇಪ್ಪತ್ತು ವರ್ಷ ನಾನು ಅದನ್ನು ಕೇಳಲೇ ಇಲ್ಲ. ಕ್ಯಾಸೆಟ್ ಗೆಳೆಯನ ಹತ್ತಿರ ಹೋಯಿತು, ಟ್ರಂಕು ಅರಸೀಕೆರೆಯ ಅಟ್ಟಕ್ಕೆ. ಮತ್ತೆ ಕೇಳಿದರೆ ನೆನಪೂ ಕೆಡಬಹುದು ಎಂದು ಬೇಕಂತಲೇ ದೂರ ಇದ್ದೆ.

ನಿವೃತ್ತಿಯಾದ ವರ್ಷ ಮಗ ಒಂದು ಒಳ್ಳೆಯ ಸ್ಪೀಕರ್ ಜೋಡಿ ತಂದು ಹಾಲಿನಲ್ಲಿ ಇಟ್ಟ. ಏನು ಹಾಕಲಿ ಅಪ್ಪ ಎಂದು ಕೇಳಿದ. ಹೇಳಿದೆ. ಶುರುವಾಯಿತು, ಅದೇ ನಾಲ್ಕು ಹೆಜ್ಜೆ.

ಎರಡು ವಿಷಯ ಆದವು. ಮೊದಲನೆಯದು, ಬೇಸ್. ಹಾಸ್ಟೆಲಿನ ಆ ಟೂ-ಇನ್-ವನ್ನಿನ ಸ್ಪೀಕರ್ ಅಂಗೈ ಅಗಲದ್ದು, ಅದರಲ್ಲಿ ಕೆಳಗಿನ ದನಿ ಅರ್ಧಕ್ಕಿಂತ ಹೆಚ್ಚು ಬರುತ್ತಲೇ ಇರಲಿಲ್ಲ. ನಾವು ಕೇಳಿದ್ದು ಅದರ ಮೇಲಿನ ಗೆರೆ ಮಾತ್ರ. ಉಳಿದದ್ದನ್ನು ಟ್ರಂಕು ಹೇಳುತ್ತಿತ್ತು, ಕೈ ಕೇಳುತ್ತಿತ್ತು. ಈಗ ಅದು ಪೂರ್ತಿಯಾಗಿ, ನೆಲದಿಂದ ಎದ್ದು ಬಂತು, ಮತ್ತೆ ಪಾಲ್ ಜಾಕ್ಸನ್ ಅವರ ಗಿಟಾರ್ ಮೇಲೆ ಏನು ಮಾಡುತ್ತಿದ್ದರು ಎಂದು ನನಗೆ ಮೊದಲ ಸಲ ಸ್ಪಷ್ಟವಾಗಿ ಕೇಳಿಸಿತು. ಹರೆಯದಲ್ಲಿ ಇನ್ನೂರು ಸಲ ಕೇಳಿದ ಸಂಗೀತದಲ್ಲಿ ಒಬ್ಬ ಮನುಷ್ಯನನ್ನು ನಾನು ನೋಡಿಯೇ ಇರಲಿಲ್ಲ!

ಎರಡನೆಯದು. ಗೆಳೆಯನ ಸೋದರಮಾವನ ಆ ಕ್ಯಾಸೆಟ್ ಒಂದು ಬದಿಗೆ 30 ನಿಮಿಷದ್ದು. 'ಕಮೀಲಿಯನ್', 'ವಾಟರ್‌ಮೆಲನ್ ಮ್ಯಾನ್' ಎರಡೂ ಸೇರಿ ಸುಮಾರು 22 ನಿಮಿಷ. ಉಳಿದ ಜಾಗ ವ್ಯರ್ಥವಾಗಬಾರದು ಎಂದು ಅವರು ಬೇರೆ ಯಾರದೋ ಒಂದನ್ನು ತುಂಬಿಸಿದ್ದರು. ಹೆಸರು ಬರೆದಿರಲಿಲ್ಲ. ಸ್ಯಾಕ್ಸೊಫೋನ್, ನಡಿಗೆಯ ವೇಗ, ಮುಗಿಯುವ ಮೊದಲೇ ಟಕ್ ಎಂದು ನಿಂತು ಹೋಗುತ್ತಿತ್ತು. ಅದು ಹೇಗೆ ಮುಗಿಯುತ್ತದೆ ಎಂದು ನಾವಿಬ್ಬರು ರಾತ್ರಿ ಮಲಗಿಕೊಂಡು ಬಾಯಲ್ಲೇ ನುಡಿಸಿ ಮುಗಿಸುತ್ತಿದ್ದೆವು. ಅವನದು ಒಂದು ಮುಕ್ತಾಯ, ನನ್ನದು ಇನ್ನೊಂದು. ಅದು 'ಮಿಸ್ಟರ್ ಮ್ಯಾಜಿಕ್' ಎಂದು ಗೊತ್ತಾಗಿದ್ದು ಈ ಸ್ಪೀಕರ್ ಬಂದ ಮೇಲೆ, ಮಗ ಹುಡುಕಿ ಕೊಟ್ಟ ಮೇಲೆ. ಒಂಬತ್ತು ನಿಮಿಷದ್ದು. ನಾವು ಎಂಟು ನಿಮಿಷ ಕೇಳಿದ್ದೆವು. ಆ ಕೊನೆಯ ಒಂದು ನಿಮಿಷ ಕೇಳುವಾಗ ನನಗೆ 60 ದಾಟಿತ್ತು.

ಹಾಗಾಗಿ, ಸರ್, ವಯಸ್ಸಿನ ಪ್ರೀತಿ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಆ ವಯಸ್ಸಿನಲ್ಲಿ ನನಗೆ ಸಿಕ್ಕಿದ್ದು ಮುಕ್ಕಾಲು ಪಾಲು ಸಂಗೀತ. ಉಳಿದ ಕಾಲು ಪಾಲು ಇಷ್ಟು ವರ್ಷ ಹಾಗೇ ಕಾದಿತ್ತು. ಬರೀ ವಯಸ್ಸಿನದಾಗಿದ್ದರೆ ಅದರಲ್ಲಿ ಹೊಸದಾಗಿ ಸಿಗಲು ಏನೂ ಇರುತ್ತಿರಲಿಲ್ಲ, ಅಲ್ವಾ? ನೀವು ಕೇಳಿದ್ದರಲ್ಲೂ ನಿಮಗೆ ಕೇಳಿಸದೆ ಉಳಿದದ್ದು ಏನಾದರೂ ಇರಬಹುದು, ಹುಡುಕಿ ನೋಡಿ.

ಅವತ್ತೇ ತುಮಕೂರಿನಲ್ಲಿರುವ ಗೆಳೆಯನಿಗೆ ಫೋನ್ ಮಾಡಿ, ಮಾತಾಡದೆ ಫೋನನ್ನು ಸ್ಪೀಕರ್ ಹತ್ತಿರ ಹಿಡಿದೆ. ಪೂರ್ತಿ ಒಂಬತ್ತು ನಿಮಿಷ. ಮುಗಿದ ಮೇಲೆ ಅವನು, ಬೇಸ್ ಕೇಳಿಸಲಿಲ್ಲ ಕಣೋ, ಆದರೆ ಮುಕ್ತಾಯ ನಾನು ನುಡಿಸ್ತಿದ್ದ ಹಾಗೇ ಇದೆ ಎಂದ. ಇಲ್ಲ, ನನ್ನ ಹಾಗೆ ಎಂದು ನಾನು. ಆ ಜಗಳ ಇನ್ನೂ ಮುಗಿದಿಲ್ಲ. ಈ ಭಾನುವಾರ ಅವನು ಬರುತ್ತಿದ್ದಾನೆ, ಕ್ಯಾಸೆಟ್ ತರುತ್ತಾನಂತೆ. ಅದನ್ನು ಹಾಕಲು ನಮ್ಮಿಬ್ಬರ ಮನೆಯಲ್ಲೂ ಈಗ ಟೇಪ್ ರೆಕಾರ್ಡರ್ ಇಲ್ಲ, ಆದರೂ ತರಲಿ. ನಾನು ಅರಸೀಕೆರೆಗೆ ಹೋಗಿ ಅಟ್ಟದಿಂದ ಟ್ರಂಕು ಇಳಿಸಿಕೊಂಡು ಬಂದಿದ್ದೇನೆ. ಚಿಲಕ ತುಕ್ಕು ಹಿಡಿದಿತ್ತು, ನಿನ್ನೆ ಎಣ್ಣೆ ಹಾಕಿದೆ.